ಬಂಗುಡೆ ಕೊಯ್ಯುತ್ತಾ ಬೆಕ್ಕು

ನಮ್ಮ ಮಗಳು ಬ್ಯಾಂಕ್ ಪರೀಕ್ಷೆಗೆ ಓದುವುದು ನಿಮಗೆಲ್ಲ ಗೊತ್ತುಂಟು. 1906ರಲ್ಲಿ ನಮ್ಮ ಮಂಗಳೂರಿನಲ್ಲೇ ಹುಟ್ಟಿದ ಕೆನರಾ ಬ್ಯಾಂಕಿಗೆ ಸೇರ್ಲಿಕ್ಕೂ ಈಗ ಐಬಿಪಿಎಸ್ ದಾಟಬೇಕಲ್ಲ. ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ. ಒಂದೊಂದು ತಪ್ಪಿಗೆ ಕಾಲು ಮಾರ್ಕು ಕಟ್. ಹೋದ ಸಲ ಅವಳಿಗೆ ಅರ್ಧ ಮಾರ್ಕಿನಲ್ಲಿ ಹೋಯ್ತು. "ಮೊಬೈಲು ನೋಡಿದ್ದೇ ಆಯ್ತು ನಿಂದು" ಅಂತ ಬೈದುಬಿಟ್ಟೆ. ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ ಅವಳು.

ಈ ಸಲ ರಾತ್ರಿ ನಾನೂ ಜೊತೆಗೆ ಕೂತ್ಕೊಳ್ತೇನೆ. ಪ್ರಶ್ನೆ ಓದುವುದು ನಾನು, ವಾಕ್ಯದಲ್ಲಿ ತಪ್ಪು ಹುಡುಕುವುದು ಅವಳು. ‘ಈಚ್ ಆಫ್ ದ ಗರ್ಲ್ಸ್ ಹ್ಯಾವ್ ಬ್ರಾಟ್ ದೇರ್ ಟಿಫಿನ್.’ ನನಗೆ ಸರಿಯೇ ಕಂಡಿತು. ಅಲ್ಲವಂತೆ. ಗರ್ಲ್ಸ್ ಎಷ್ಟೇ ಜನ ಇರಲಿ, ಈಚ್ ಅಂದ ಮೇಲೆ ಒಬ್ಬಳದ್ದೇ ಲೆಕ್ಕ. ‘ಹ್ಯಾಸ್’, ‘ಹರ್’ ಬರಬೇಕು. ‘ಎವ್ರಿವನ್’ ಇದ್ದಲ್ಲಿ ಅವಳ ಹಳೇ ಗೈಡಿನಲ್ಲಿ ‘ಹಿಸ್’ ಸರಿ ಅಂತ ಉಂಟು. "ಪರೀಕ್ಷೆ ಬರೆಯುವುದು ನಾನು, ಹಿಸ್ ಯಾಕೆ?" ಅಂತ ಅವಳಿಗೆ ಸಿಟ್ಟು. ಮೆರಿಯಮ್-ವೆಬ್‌ಸ್ಟರ್ ಡಿಕ್ಷನರಿಯವರು 2019ರಲ್ಲಿ ‘ದೇ’ಯನ್ನೇ ವರ್ಷದ ಶಬ್ದ ಮಾಡಿದ್ದನ್ನು ಮೊಬೈಲಿನಲ್ಲಿ ತೋರಿಸಿದಳು. ಗೈಡಿನವರಿಗೆ ಇನ್ನೂ ಸುದ್ದಿ ಮುಟ್ಟಲಿಲ್ಲ ಕಾಣ್ತದೆ.

ನಮಗಂತೂ ಇದು ಕಷ್ಟವೇ. ಅತ್ತೆ ಒಬ್ಬರೇ ಆದರೂ ‘ಅವರು ಬಂದರು’ ಅಂತೇವಲ್ಲ. ಒಮ್ಮೆ ರಕ್ತಪರೀಕ್ಷೆಯವರ ಫೋನ್ ಬಂದಾಗ ಅತ್ತೆಗೆ ನಾನು ‘ದೇ ಆರ್ ಸ್ಲೀಪಿಂಗ್’ ಅಂದೆ. ‘ಹೌ ಮೆನಿ ಪೇಶೆಂಟ್ಸ್?’ ಅಂತ ಕೇಳಿದಳು ಆಚೆಯವಳು! ಅತ್ತೆಯನ್ನು ‘ಶೀ’ ಅನ್ಲಿಕ್ಕೆ ಇವತ್ತಿಗೂ ನನಗೆ ಬಾಯಿ ಬರುವುದಿಲ್ಲ ಮಾರಾಯ್ತಿ.

ಮಗಳು ಹೆಚ್ಚು ಜಾರುವುದು ಮಾಡಿಫೈಯರಿನಲ್ಲಿ. ‘ವಾಕಿಂಗ್ ಇನ್ ದ ಗಾರ್ಡನ್, ಎ ಸ್ನೇಕ್ ಬಿಟ್ ಹಿಮ್.’ ಹೀಗೆ ಬರೆದರೆ ವಾಕಿಂಗ್ ಹೋದದ್ದು ಹಾವು ಅಂತ ಆಗ್ತದೆ. ಎಷ್ಟು ಸಲ ಓದಿದರೂ ಅವಳಿಗೆ ತಪ್ಪು ಕಾಣುವುದಿಲ್ಲ. ನಾನು ಕೇಳಿದೆ, "‘ಬಂಗುಡೆ ಕೊಯ್ಯುತ್ತಾ ಬೆಕ್ಕು ಬಂತು’ ಅಂದ್ರೆ ಹೇಗೆ?" ನಕ್ಕಳು. ಬೆಕ್ಕೇ ಮೆಟ್ಟುಕತ್ತಿಯಲ್ಲಿ ಕೂತ ಹಾಗೆ ಆಯ್ತಲ್ಲ! ನಾವು ‘ಕೊಯ್ಯುವಾಗ’ ಅಂತೇವೆ, ಅಲ್ಲಿಗೆ ಸರಿಯಾಯ್ತು. ಇಂಗ್ಲಿಷಿನಲ್ಲಿ ‘ವೈಲ್ ಹೀ ವಾಸ್ ವಾಕಿಂಗ್’ ಅಂತ ನಡೆದದ್ದು ಯಾರು ಅಂತ ಹೇಳಬೇಕು. ಈಗ ವಾಕ್ಯ ‘ಇಂಗ್’ನಲ್ಲಿ ಸುರುವಾದರೆ, ಕಾಮಾ ದಾಟಿದ ಕೂಡ್ಲೆ ಯಾರು ಬಂದರು ಅಂತ ನೋಡ್ತಾಳೆ. ತಪ್ಪು ಸಿಕ್ಕಿದರೆ ಬದಿಯಲ್ಲಿ ‘ಬೆಕ್ಕು’ ಅಂತ ಬರೀತಾಳೆ.

ನಿನ್ನೆ ಹತ್ತರಲ್ಲಿ ಎರಡು ತಪ್ಪು. ಎರಡೂ ಈಚ್‌ನದ್ದೇ. ನಾನು ಎಂತದೂ ಹೇಳ್ಲಿಲ್ಲ, ಎದ್ದುಹೋಗಿ ಚಾ ಮಾಡಿ ತಂದೆ.