ಎವರೇಜ್ ಕೇಳಿದೆ, ಆಯಿಲ್ ನೋಡಲಿಲ್ಲ

ಬೀದರ್‌ನಿಂದ ಔರಾದ್‌ಗೆ ಬಸ್ಸಿದೆ. ಆದರೆ ನಾನು ಪಾಠ ಹೇಳುವ ಶಾಲೆ ಇರುವುದು ಔರಾದ್ ದಾಟಿ ಒಳರಸ್ತೆಯ ಹಳ್ಳಿಯಲ್ಲಿ. ಬಸ್ಸಿಳಿದು ಟಂಟಂ ತುಂಬುವವರೆಗೆ ಕಾದು ಹೋದರೆ ಪ್ರಾರ್ಥನೆ ಮುಗಿದಿರುತ್ತಿತ್ತು. ಅದಕ್ಕೇ ಭಾಲ್ಕಿಯಲ್ಲಿ ಪರಿಚಯದವರ ಹತ್ತಿರ 100 ಸಿಸಿಯ ಹಳೆ ಗಾಡಿಯೊಂದನ್ನು ಕೊಂಡೆ. ನಮ್ಮ ಕಡೆ ಎಲ್ಲರೂ ಕೇಳುವುದನ್ನೇ ಕೇಳಿದೆ: “ಎವರೇಜ್ ಎಷ್ಟ್ ಕೊಡ್ತದ್ರಿ?” “ಅರವತ್ತಕ್ಕ ಮೋಸ ಇಲ್ರಿ” ಅಂದರು. ಮೋಸ ಇರಲೂ ಇಲ್ಲ.

ಮೋಸ ಮಾಡಿದ್ದು ನಾನು, ಗಾಡಿಗೆ. ಪ್ರತಿ ಲೀಟರ್ ಪೆಟ್ರೋಲಿಗೆ ಲೆಕ್ಕ ಇಟ್ಟವನು ಎಂಜಿನ್ ಆಯಿಲ್ ಕಡೆ ತಿರುಗಿ ನೋಡಲಿಲ್ಲ. ಹಿಂದಿನ ಟೂ-ಸ್ಟ್ರೋಕ್ ಸ್ಕೂಟರುಗಳಿಗೆ ಪೆಟ್ರೋಲ್ ಜತೆಗೇ ಆಯಿಲ್ ಬೆರೆಸಬೇಕಿತ್ತು. ಬಂಕಿಗೆ ಹೋದಾಗಲೆಲ್ಲ ಅದು ನೆನಪಾಗುತ್ತಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಫೋರ್-ಸ್ಟ್ರೋಕ್ ಗಾಡಿ ಮನೆಮಾತಾಯಿತು, ಆಯಿಲ್ ಎಂಜಿನ್ನಿನ ತಳ ಸೇರಿತು. ಪೆಟ್ರೋಲ್ ಎಷ್ಟಿದೆ ಎಂದು ಮೀಟರಿನ ಮುಳ್ಳು ತೋರಿಸುತ್ತದೆ. ಆಯಿಲ್‌ಗೆ ಮುಳ್ಳಿಲ್ಲ.

‘ಮೂರು ತಿಂಗಳಿಗೊಮ್ಮೆ ಸರ್ವೀಸ್’ ಎಂಬ ಮಾತು ಬೀದರ್ ಊರೊಳಗೇ ಗುಂಪಾದಿಂದ ಚೌಬಾರಾವರೆಗೆ ಓಡಾಡುವವರಿಗೆ ಸರಿ. ನನ್ನದು ದಿನಕ್ಕೆ ಹೋಗಿಬರಲು 80 ಕಿ.ಮೀ. ಮೇಲೆ, ತಿಂಗಳಿಗೆ ಎರಡು ಸಾವಿರದ ಹತ್ತಿರ. ಆ ಮೂರು ತಿಂಗಳನ್ನೂ ನಾನು ‘ಪರೀಕ್ಷೆ ಮುಗೀಲಿ’ ಎಂದು ಎಳೆದೆ. ಎಂಜಿನ್ ಟಕಟಕ ಅನ್ನತೊಡಗಿದಾಗ ಟ್ಯಾಪೆಟ್ ಇರಬೇಕು ಅಂದುಕೊಂಡೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೂ ‘ಹಳೆ ಗಾಡಿ, ಬರ್ತದ’ ಎಂದು ಸುಮ್ಮನಾದೆ.

ಏಪ್ರಿಲ್ ಬಿಸಿಲು. ಈ ಗಾಡಿಗಳಿಗೆ ರೇಡಿಯೇಟರ್ ಇಲ್ಲ, ಎಂಜಿನ್ ತಣಿಯುವುದು ಗಾಳಿಯಿಂದ, ಆಯಿಲ್‌ನಿಂದ. ಮಾಂಜ್ರಾ ನದಿಯ ಸೇತುವೆ ಇನ್ನೂ ದೂರ ಇರುವಾಗಲೇ ಎಳೆತ ಕುಗ್ಗಿ, ಹಿಂಗಾಲಿ ಗಪ್ಪನೆ ಹಿಡಿದುಕೊಂಡಿತು. ಕ್ಲಚ್ ಒತ್ತಿದ್ದರಿಂದ ಬೀಳಲಿಲ್ಲ. ಗಾಡಿಯನ್ನು ಟಂಟಂನಲ್ಲಿ ಹೇರಿಕೊಂಡು ಬೀದರಿಗೆ ಬಂದೆ. ಮಿಸ್ತ್ರಿ ತಳದ ನಟ್ ಬಿಚ್ಚಿದಾಗ ತಟ್ಟೆಗೆ ಬಿದ್ದದ್ದು ಅರ್ಧ ಲೋಟವೂ ಇಲ್ಲದ ಕರಿ ಎಣ್ಣೆ. “ಸರ್, ಪೆಟ್ರೋಲ್ ಹಾಕ್ಲಾಕ ಮರೀಲಿಲ್ಲ, ಇದಕ್ಯಾಕ ಮರತ್ರಿ?” ಅಂದ. ಪಿಸ್ಟನ್ ಜಾಮ್ ಆಗಿತ್ತು. ಬೋರ್ ಮಾಡಿಸಿ, ಪಿಸ್ಟನ್, ರಿಂಗ್ ಹೊಸದು ಹಾಕಿಸಬೇಕಾಯಿತು. ಬಸ್ ಬಿಟ್ಟು ಉಳಿಸಿದ್ದೆಲ್ಲ ಒಂದೇ ಬಿಲ್ಲಿಗೆ ಹೋಯಿತು. ಒಂದು ಲೀಟರೂ ಹಿಡಿಯದ ಆಯಿಲ್‌ಗೆ ಮಾಡಿದ ಜಿಪುಣತನ ಅದು.

ಈಗ ಆಯಿಲ್ ಬದಲಿಸಿದ ದಿನದ ಕಿಲೋಮೀಟರ್ ಬರೆದಿಡುತ್ತೇನೆ, ತಾರೀಖನ್ನಲ್ಲ. ಭಾನುವಾರ ಗಾಡಿಯನ್ನು ಸಮನೆಲದಲ್ಲಿ ನಡು ಸ್ಟ್ಯಾಂಡಿಗೆ ಹಾಕಿ, ತುಸು ಚಾಲೂ ಇಟ್ಟು, ಬಂದ್ ಮಾಡಿ ಎರಡು ಮೂರು ನಿಮಿಷ ಬಿಡುತ್ತೇನೆ. ಆಯಿಲ್ ಮುಚ್ಚಳದ ಕಡ್ಡಿ ಒರೆಸಿ, ತಿರುಪದೆ ಇಳಿಬಿಟ್ಟು ತೆಗೆದರೆ ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಹಳೆ ಗಾಡಿ ಕೊಳ್ಳಲು ಹೋಗುವವರು ಎವರೇಜ್ ಆಮೇಲೆ ಕೇಳಲಿ. ಮೊದಲು ಆ ಕಡ್ಡಿ ತೆಗೆದು ನೋಡಲಿ. ಮಾಲೀಕ ಗಾಡಿಯನ್ನು ಹೇಗೆ ಇಟ್ಟುಕೊಂಡಿದ್ದ ಎಂಬುದು ಅಲ್ಲೇ ಗೊತ್ತಾಗುತ್ತದೆ.