ಕೋಲೋ ಬೆಟ್ಟದ ಕೆಂಪು ಚಿತ್ರಗಳು

ಪೂರ್ವ ಆಫ್ರಿಕದ ಟಾಂಜಾನಿಯಾ ಎಂದೊಡನೆ ನಮ್ಮಲ್ಲಿ ಹಲವರಿಗೆ ಸಿಂಹ, ಜಿರಾಫೆ, ಕಿಲಿಮಂಜಾರೋ ಪರ್ವತಗಳು ನೆನಪಾಗುವುವು. ಆ ದೇಶದ ನಡುಭಾಗದಲ್ಲಿ, ರಾಜಧಾನಿ ದೊಡೋಮಾದಿಂದ ಉತ್ತರಕ್ಕೆ, ಕೊಂಡೋವಾ ಎಂಬ ಸೀಮೆಯಿದೆ. ಅಲ್ಲಿಯ ಬಂಡೆಗಳ ಮೇಲೆ ಪ್ರಾಚೀನ ಬೇಟೆಗಾರರು ಬರೆದ ಚಿತ್ರಗಳಿರುವುದನ್ನು ಓದಿ ತಿಳಿದು, 2024ರ ಮೇ ತಿಂಗಳ ರಜೆಯಲ್ಲಿ ನಾವು ಸಪತ್ನೀಕರಾಗಿ ಹೊರಟೆವು. ದಾರ್ ಎಸ್ ಸಲಾಮಿನಲ್ಲಿ ಉದ್ಯೋಗದಲ್ಲಿರುವ ಸೋದರಳಿಯನ ಒತ್ತಾಯವೂ ಇದ್ದಿತು. ವಯನಾಡಿನವರಾದ ನಮಗೆ ಎಡಕ್ಕಲ್ ಗುಹೆಯ ಪರಿಚಯ ಬಾಲ್ಯದಿಂದಲೂ ಉಂಟು. ಅಲ್ಲಿಯವು ಕಲ್ಲನ್ನು ಕೊರೆದ ರೇಖೆಗಳು. ಬಣ್ಣದಿಂದ ಬರೆದುದನ್ನು ಕಾಣಬೇಕೆಂಬ ಆಸೆ ಬಹುಕಾಲದ್ದು.

ಕೊಂಡೋವಾ ಪಟ್ಟಣದವರೆಗೆ ಒಳ್ಳೆಯ ಡಾಮರು ರಸ್ತೆ. ಅದನ್ನು ದಾಟಿ ಕೋಲೋ ಎಂಬ ಹಳ್ಳಿಯನ್ನು ತಲಪಿ, ಪ್ರಾಚ್ಯವಸ್ತು ಇಲಾಖೆಯ ಕಚೇರಿಯಲ್ಲಿ ಹಣ ಕಟ್ಟಿ ಅನುಮತಿ ಪಡೆದೆವು. ಜತೆಗೆ ಬಂದ ಮಾರ್ಗದರ್ಶಕನು ನಮ್ಮ ವೃತ್ತಿಯನ್ನು ಕೇಳಿದನು. ಅಧ್ಯಾಪಕರೆಂದು ಅಳಿಯನು ಸ್ವಾಹಿಲಿಯಲ್ಲಿ ಹೇಳಿದ್ದೇ ತಡ, ಅವನ ಮುಖಭಾವವೇ ಬದಲಾಯಿತು. ‘ಮ್ವಾಲಿಮು’ ಎಂದರೆ ಗುರು. ಆ ರಾಷ್ಟ್ರದ ಮೊದಲ ಅಧ್ಯಕ್ಷರಾದ ಜೂಲಿಯಸ್ ನೈರೇರೆಯವರು ಶಾಲಾ ಮಾಸ್ತರರಾಗಿದ್ದವರು; ಜನರು ಅವರನ್ನು ಕೊನೆಯವರೆಗೂ ಮ್ವಾಲಿಮು ಎಂದೇ ಕರೆದರು. ಆ ಗೌರವದ ಪಾಲು ಈ ಹಳ್ಳಿಶಾಲೆಯ ಮುಖ್ಯೋಪಾಧ್ಯಾಯನಿಗೂ ಸಂದಿತೆಂದರೆ ವಾಚಕರು ನಗಬಾರದು!

ಬೆಟ್ಟ ಹತ್ತುವ ಮೊದಲು ತನ್ನ ಮನೆಗೆ ಬರಲೇಬೇಕೆಂದು ಅವನು ಹಟಹಿಡಿದನು. ಅಂಗಳದಲ್ಲಿದ್ದ ಮಕ್ಕಳು ಒಬ್ಬೊಬ್ಬರಾಗಿ ಬಂದು ‘ಶಿಕಮೋ’ ಎಂದರು. ಹಿರಿಯರ ಪಾದ ಹಿಡಿಯುತ್ತೇನೆಂಬುದು ಅದರ ಮೂಲಾರ್ಥವೆಂದು ಹೇಳುತ್ತಾರೆ. ಹಿರಿಯರು ‘ಮರಹಬಾ’ ಎಂದು ಉತ್ತರಿಸಬೇಕು. ಅವನ ತಾಯಿ ತಂಬಿಗೆಯಿಂದ ನಮ್ಮ ಕೈಗಳಿಗೆ ನೀರೆರೆದರು. ನಾವು ಮಾಂಸ ತಿನ್ನುವವರಲ್ಲವೆಂದು ತಿಳಿದು ಆ ವೃದ್ಧೆ ಒಂದಿಷ್ಟೂ ಬೇಸರಿಸದೆ ಹರಿವೆ ಸೊಪ್ಪನ್ನೂ ಅವರೆಯಂಥ ಕಾಳನ್ನೂ ಬೇಯಿಸಿದರು. ಅದರೊಡನೆ ಉಗಾಲಿ, ಅಂದರೆ ಜೋಳದ ಹಿಟ್ಟಿನ ಬಿಳಿ ಮುದ್ದೆ. ನಮ್ಮ ಮನೆಯವರು ಭಾಷೆಯ ಹಂಗಿಲ್ಲದೆ ಅಡುಗೆಮನೆಗೆ ನುಗ್ಗಿ ಒಲೆಯ ಮುಂದೆ ಕುಳಿತುಬಿಟ್ಟರು. ‘ಚಾಯ್’, ‘ಚಪಾತಿ’ ಎಂಬ ಎರಡು ಮಾತುಗಳು ಇಬ್ಬರಿಗೂ ತಿಳಿದಿದ್ದುವು. ಅಷ್ಟರಿಂದಲೇ ಒಂದು ಗಂಟೆಯ ಸಂಭಾಷಣೆ ನಡೆಯಿತು.

ಮುಂಗೋಮಿ ವಾ ಕೋಲೋ ಎಂಬ ಬಂಡೆಯಾಸರೆಗೆ ಏರು ಕಡಿದು. ಮೇಲೆ ತಲಪಿ ಉಸಿರು ತಿರುಗಿಸಿಕೊಂಡು ನೋಡಿದರೆ, ಚಾಚಿದ ಬಂಡೆಯಡಿ ಕೆಂಪು ಬಣ್ಣದ ನೀಳಕಾಯದ ಮನುಷ್ಯರು! ಕಡ್ಡಿಯಂತೆ ಸಣ್ಣಗಿನ ಮೈ, ದೊಡ್ಡ ತಲೆ. ಒಂದೆಡೆ ನಡುವೆ ಒಬ್ಬ ಹೆಂಗಸು, ಇಬ್ಬದಿಯಲ್ಲೂ ಗಂಡಸರು. 1951ರಲ್ಲಿ ಈ ಸೀಮೆಯ ಚಿತ್ರಗಳನ್ನು ಪ್ರತಿ ತೆಗೆದ ಮೇರಿ ಲೀಕಿಯವರಿಗೆ ಇದು ಹೆಂಗಸನ್ನು ಸೆಳೆದೊಯ್ಯುವ ದೃಶ್ಯವಾಗಿ ಕಂಡಿತು. ಮೈಮರೆತು ಕುಣಿಯುವವರ ನೃತ್ಯವೆಂಬುದು ಬಳಿಕದ ಕೆಲವರ ಮತ. ನಮಗಂತೂ ಎರಡನೆಯದೇ ಸರಿಯೆನಿಸಿತು. ಸಮೀಪದಲ್ಲಿ ವಾಸಿಸುವ, ನಾಲಗೆ ಲೊಟಕಿಸುವ ಧ್ವನಿಗಳುಳ್ಳ ಭಾಷೆಯ ಸಂದಾವೆ ಜನರ ಪೂರ್ವಿಕರು ಇವನ್ನು ಬರೆದಿರಬಹುದೆಂದು ಊಹೆ. ಬಿಳಿ ಬಣ್ಣದ ಒರಟು ಚಿತ್ರಗಳು ತರುವಾಯ ಬಂದ ಬೇಸಾಯಗಾರರವು. 2006ರಲ್ಲಿ ಯುನೆಸ್ಕೋ ಇವೆಲ್ಲವನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಬಂಡೆಯ ಬಳಿ ಅಗೆದ ಹೊಂಡಗಳನ್ನು ಕಂಡು ಕೇಳಿದೆವು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ಇಲ್ಲಿ ಚಿನ್ನ ಹೂಳಿಟ್ಟರೆಂಬ ವದಂತಿಯನ್ನು ನಂಬಿದವರ ಕೆಲಸವಂತೆ. ಇನ್ನೊಂದು ಸಂಕಟವು ಇದಕ್ಕಿಂತ ಸೂಕ್ಷ್ಮ. ಊರವರು ಇಂದಿಗೂ ಮಳೆಗಾಗಿ, ರೋಗಶಮನಕ್ಕಾಗಿ ಇಲ್ಲಿ ಪೂಜೆ ನಡೆಸುತ್ತಾರೆ. ಆಗ ಎರಚುವ ಧಾನ್ಯದ ಮದ್ಯದಿಂದ ಬಣ್ಣ ಕೆಡುವುದೆಂದು ಸಂರಕ್ಷಕರ ಆಕ್ಷೇಪ. ಎಡಕ್ಕಲ್ಲಿನಲ್ಲಿ ಟಿಕೆಟು, ಕಬ್ಬಿಣದ ಕಂಬಿಗಳುಂಟು. ಕೈಮುಗಿದು ಬೇಡಿಕೊಳ್ಳುವವರನ್ನು ನಾವು ಕಂಡಿಲ್ಲ. ಚಿತ್ರ ಉಳಿಯಬೇಕೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಆ ಊರಿನವರನ್ನೇ ಅಲ್ಲಿಂದ ದೂರವಿಟ್ಟು ಅದನ್ನು ಉಳಿಸುವುದು ನಮಗೆ ಒಪ್ಪಿಗೆಯಾಗದು.

ಈ ವಿಚಾರವನ್ನು ಅಳಿಯನ ಮೂಲಕ ಆ ತಾಯಿಯಲ್ಲಿ ಪ್ರಸ್ತಾಪಿಸಿದೆವು. ಅವರು ನೆಲಗಡಲೆ ಸುಲಿಯುತ್ತಲೇ, “ಮಳೆ ಬಾರದ ವರ್ಷ ನಾವು ಮತ್ತೆಲ್ಲಿಗೆ ಹೋಗೋಣ, ಮ್ವಾಲಿಮು?” ಎಂದು ಕೇಳಿದರು. ಸುಲಿದ ಕಾಳನ್ನೆಲ್ಲ ನಮ್ಮ ಮನೆಯವರ ಸೆರಗಿಗೆ ಸುರಿದರು.