ಷರತ್ತಿಗೂ ಒಂದು ಎಂ.ಆರ್. ನಂಬರ್ ಬೇಕು

ಸೇವಾ ಕೇಂದ್ರದ ಕಂಪ್ಯೂಟರ್ ‘ನೀವು ಅರ್ಹರಲ್ಲ’ ಅಂದರೆ ನಾವು ಹಳ್ಳಿಯವರು ಸುಮ್ಮನೆ ಎದ್ದು ಬರುತ್ತೇವೆ. ಕಂಪ್ಯೂಟರೇ ಹೇಳಿದ ಮೇಲೆ ಇನ್ನೇನು ಕೇಳುವುದು ಅಂದುಕೊಳ್ಳುತ್ತೇವೆ. ಆದರೆ ಕಂಪ್ಯೂಟರ್ ತಾನಾಗಿ ಏನನ್ನೂ ಹೇಳುವುದಿಲ್ಲ. ಯಾರೋ, ಯಾವತ್ತೋ ಬರೆದುಕೊಟ್ಟ ಷರತ್ತುಗಳನ್ನು ನೋಡಿ ಹೇಳುತ್ತದೆ, ಅಷ್ಟೆ. ಆ ಷರತ್ತು ಹಳೆಯದಾಗಿದ್ದರೆ? ಅದನ್ನು ಯಾರು ತಿದ್ದಬೇಕು?

ಮೈಸೂರಿನಲ್ಲಿ ನಮ್ಮ ಜೊತೆ ರೂಮು ಹಂಚಿಕೊಂಡಿರುವ ಗೆಳೆಯರಲ್ಲಿ ಇಬ್ಬರು ಸಾಫ್ಟ್‌ವೇರ್ ಕೆಲಸದವರು. ಇಬ್ಬರೂ ಹಳ್ಳಿಯಿಂದ ಬಂದವರೇ. ರಾತ್ರಿ ಊಟಕ್ಕೆ ಕೂತಾಗ ಅವರ ಗೋಳು ಒಂದೇ: ‘ರಿಕ್ವೈರ್‌ಮೆಂಟ್ ಮತ್ತೆ ಚೇಂಜ್ ಆಯ್ತು.’ ಹಾಗಂದರೆ ಏನು ಎಂದು ನಾವು ಕೇಳಿದೆವು. ‘ಮನೆ ಕಟ್ಟಿಸೋರು ಅಡುಗೆಮನೆ ಎಲ್ಲಿ, ಬಾಗಿಲು ಯಾವ ದಿಕ್ಕಿಗೆ ಅಂತ ಮೇಸ್ತ್ರಿಗೆ ಹೇಳ್ತಾರಲ್ಲ, ಅದು. ಗೋಡೆ ಎದ್ದ ಮೇಲೆ ಬಾಗಿಲು ಇತ್ಲಾಗೆ ಇಡು ಅಂದ್ರೆ ಹೆಂಗಿರುತ್ತೆ? ದಿನಾ ನಮಗೆ ಅದೇ’ ಎಂದ ಒಬ್ಬ.

ಇದು ಕಂಪನಿಯವರ ತಲೆನೋವು, ನಮಗೇನು ಎಂದು ಮೊದಲು ಅನ್ನಿಸಿತು. ಆದರೆ ನಮ್ಮ ಊರುಗಳ ಸುದ್ದಿ ಬರೆಯುತ್ತಾ ಹೋದ ಹಾಗೆ, ಇದೇ ತಲೆನೋವು ಪಡಿತರ ಚೀಟಿಯ ರೂಪದಲ್ಲಿ, ಪಿಎಂ ಕಿಸಾನ್ ರೂಪದಲ್ಲಿ ನಮ್ಮ ಮನೆಗಳಿಗೇ ಬರುವುದನ್ನು ಕಂಡೆವು.

ಗೃಹಲಕ್ಷ್ಮಿಯನ್ನೇ ನೋಡಿ. ಈ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ, 2023ರ ಆಗಸ್ಟ್ 30ರಂದು, ಮಹಾರಾಜ ಕಾಲೇಜು ಮೈದಾನದಲ್ಲಿ. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಯಜಮಾನಿ ಯಾರು ಎಂದು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸಾಫ್ಟ್‌ವೇರಿಗೆ ಹಾಗಾಗುವುದಿಲ್ಲ, ಅದಕ್ಕೆ ಬರೆದುಕೊಡಬೇಕು. ಪಡಿತರ ಚೀಟಿಯಲ್ಲಿ ಕುಟುಂಬದ ಮುಖ್ಯಸ್ಥೆ ಎಂದು ಯಾರ ಹೆಸರಿದೆಯೋ ಅವರೇ ಯಜಮಾನಿ ಎಂದಾಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಕೂಡ, ಚೀಟಿಯ ಮಟ್ಟಿಗೆ, ಮನೆಯಲ್ಲಿ 18 ವರ್ಷ ದಾಟಿದ ಅತಿ ಹಿರಿಯ ಮಹಿಳೆಯೇ ಮುಖ್ಯಸ್ಥೆ ಎನ್ನುತ್ತದೆ. ಷರತ್ತು ಸ್ಪಷ್ಟವಾಗಿಯೇ ಇದೆ.

ಆದರೆ ಚೀಟಿ ಬರೆದ ದಿನದ ಮನೆ ಬೇರೆ, ಇವತ್ತಿನ ಮನೆ ಬೇರೆ. ಒಂದು ಸೇವಾ ಕೇಂದ್ರದಲ್ಲಿ ನಾವು ಕೂತಿದ್ದಾಗ ಒಬ್ಬ ಅಕ್ಕ ಬಂದರು. ಅವರ ಅತ್ತೆ ತೀರಿಕೊಂಡಿದ್ದರು, ಕೈಯಲ್ಲಿ ಮರಣ ಪ್ರಮಾಣಪತ್ರ ಇತ್ತು. ಹಣ ಇನ್ನು ತಮ್ಮ ಹೆಸರಿಗೆ ಬರಲಿ ಎಂದು ಅರ್ಜಿ ಹಾಕಲು ಬಂದಿದ್ದರು.

‘ಅಕ್ಕಾ, ಕಾರ್ಡಲ್ಲಿ ಇನ್ನೂ ನಿಮ್ಮತ್ತೇನೆ ಯಜಮಾನಿ ಅಂತ ಐತೆ. ಮೊದ್ಲು ಅದ್ನ ತಿದ್ದಿಸ್ಕಂಡು ಬನ್ನಿ’ ಎಂದ ಕಂಪ್ಯೂಟರ್ ಮುಂದಿದ್ದ ಹುಡುಗ.

‘ಅಲ್ಲ ಕಣಪ್ಪ, ಅವರ ತಿಥಿಗೆ ಊರೆಲ್ಲ ಬಂದಿತ್ತು. ನಿನ್ ಕಂಪ್ಯೂಟ್ರಿಗೆ ಮಾತ್ರ ಗೊತ್ತಾಗ್ಲಿಲ್ವಾ?’ ಎಂದರು ಅಕ್ಕ.

ಅಲ್ಲಿದ್ದವರೆಲ್ಲ ನಕ್ಕರು. ಅಕ್ಕ ನಗಲಿಲ್ಲ. ಬಸ್ಸೇನೋ ಫ್ರೀ, ಆದರೆ ಅವತ್ತಿನ ಕೂಲಿ ಹೋಯಿತು. ಇನ್ನೆಷ್ಟು ದಿನದ ಕೂಲಿ ಹೋಗುತ್ತದೋ ಎಂಬ ಲೆಕ್ಕ ಅವರ ಮುಖದಲ್ಲೇ ಕಾಣುತ್ತಿತ್ತು.

ಕೆಲವು ಸಲ ಷರತ್ತೇ ಬದಲಾಗುತ್ತದೆ. 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಗೆ ಬದಲಾಗಿ ಹಣ ಕೊಡಲು ಶುರುವಾಯಿತು. ಕೊಡಲು ಬೇಕಾದಷ್ಟು ಅಕ್ಕಿ ರಾಜ್ಯಕ್ಕೆ ಸಿಗದೇ ಇದ್ದದ್ದು ಕಾರಣ. ಕೆ.ಜಿ.ಗೆ 34 ರೂಪಾಯಿ, ಒಬ್ಬರಿಗೆ 170. ಅಕ್ಕಿ ಕೊಡಲು ಅಂಗಡಿಯಲ್ಲಿ ಹೆಬ್ಬೆಟ್ಟಿನ ಗುರುತು ಸಾಕಿತ್ತು. ಹಣ ಕೊಡಲು ಕುಟುಂಬದ ಮುಖ್ಯಸ್ಥರ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕಾಯಿತು. ಜನರಿಗೆ ‘ಅಕ್ಕಿ ಬದಲು ದುಡ್ಡು’ ಎಂಬುದು ಒಂದೇ ಮಾತು. ಸಾಫ್ಟ್‌ವೇರ್ ಮಾಡುವವರಿಗೆ ಅದು ಬೇರೆಯದೇ ಕೆಲಸ. 2025ರ ಫೆಬ್ರವರಿಯಲ್ಲಿ ಹಣದ ಬದಲು ಮತ್ತೆ ಅಕ್ಕಿಯನ್ನೇ ಕೊಡಲು ಸರ್ಕಾರ ತೀರ್ಮಾನಿಸಿತು. ಕಟ್ಟಿದ ಗೋಡೆ ಒಡೆದು ಬಾಗಿಲನ್ನು ಮತ್ತೆ ಹಳೇ ಜಾಗಕ್ಕೇ ಇಟ್ಟ ಹಾಗೆ.

ಪಿಎಂ ಕಿಸಾನ್‌ನಲ್ಲಿ ಎರಡೂ ಇವೆ. 2019ರ ಫೆಬ್ರವರಿಯಲ್ಲಿ ಶುರುವಾದಾಗ 2 ಹೆಕ್ಟೇರ್, ಅಂದರೆ ಸುಮಾರು 5 ಎಕರೆವರೆಗೆ ಜಮೀನು ಇರುವವರಿಗೆ ಮಾತ್ರ ಎಂದಿತ್ತು. ಕೆಲವೇ ತಿಂಗಳಲ್ಲಿ ಆ ಮಿತಿ ತೆಗೆದರು. ಷರತ್ತು ಬದಲಾಯಿತು, ಹೆಚ್ಚು ಜನ ಒಳಗೆ ಬಂದರು. ಇನ್ನೊಂದು ಷರತ್ತು ಆ ಬದಲಾವಣೆಯಲ್ಲಿ ಹಾಗೇ ಉಳಿಯಿತು: 2019ರ ಫೆಬ್ರವರಿ 1ಕ್ಕೆ ಜಮೀನು ಯಾರ ಹೆಸರಿನಲ್ಲಿತ್ತು ಎಂಬುದೇ ಲೆಕ್ಕ. ತಂದೆ ತೀರಿಕೊಂಡು ಮಕ್ಕಳಿಗೆ ಬಂದ ಜಮೀನಿಗೆ ವಿನಾಯಿತಿ ಇದೆ. ಆದರೆ ಆ ದಿನದ ನಂತರ ದುಡ್ಡು ಕೊಟ್ಟು ಜಮೀನು ಕೊಂಡು ಬೇಸಾಯ ಶುರು ಮಾಡಿದವರು ಆ ಲೆಕ್ಕಕ್ಕೆ ಬರುವುದಿಲ್ಲ. ಯೋಜನೆ ಆರಂಭಿಸುವಾಗ ಒಂದು ದಿನ ಗೊತ್ತುಮಾಡಲೇಬೇಕು, ನಿಜ. ಆದರೆ ವರ್ಷಗಳು ಕಳೆದ ಮೇಲೆ ಆ ದಿನವನ್ನು ಮತ್ತೆ ಎತ್ತಿ ನೋಡುವ ಕೆಲಸ ಯಾರದ್ದು?

ಇದನ್ನೇ ನಮ್ಮ ರೂಮಿನ ಗೆಳೆಯರನ್ನು ಕೇಳಿದೆವು. ಒಳ್ಳೆಯ ತಂಡದಲ್ಲಿ ಒಂದು ಪದ್ಧತಿ ಇರುತ್ತದೆ ಎಂದರು. ಪ್ರತಿ ಷರತ್ತಿನ ಮುಂದೆ ಅದನ್ನು ಯಾರು ಕೇಳಿದರು, ಯಾವತ್ತು, ಯಾಕೆ ಎಂದು ಬರೆದಿಡುತ್ತಾರೆ. ಬದಲಾದರೆ ಹಳೆಯದನ್ನು ಅಳಿಸುವುದಿಲ್ಲ, ಗೆರೆ ಹೊಡೆದು ಹೊಸದಕ್ಕೆ ತಾರೀಕು ಹಾಕುತ್ತಾರೆ. ಒಂದನ್ನು ಮುಟ್ಟುವ ಮೊದಲು ಅದಕ್ಕೆ ಅಂಟಿಕೊಂಡ ಬೇರೆ ಯಾವುದು ಅಲುಗಾಡುತ್ತದೆ ಎಂದು ನೋಡುತ್ತಾರೆ. ಎಲ್ಲ ಮುಗಿಸಿ ತೋರಿಸುವ ಬದಲು, ಸ್ವಲ್ಪ ಸ್ವಲ್ಪ ಮಾಡಿ ಬಳಸುವವರ ಕೈಗೇ ಕೊಟ್ಟು ಕೇಳುತ್ತಾರೆ. ‘ಯಾಕೆ ಅನ್ನೋದು ಬರೆದಿಲ್ಲ ಅಂದ್ರೆ ಹಳೇ ಷರತ್ತು ತೆಗೆಯೋಕೆ ಯಾರಿಗೂ ಧೈರ್ಯ ಬರಲ್ಲ. ಏನಕ್ಕೋ ಇಟ್ಟಿರ್ತಾರೆ ಬಿಡು ಅಂತ ಬಿಟ್ಬಿಡ್ತಾರೆ’ ಎಂದ ಟೆಸ್ಟಿಂಗ್ ಕೆಲಸದ ಗೆಳೆಯ.

ಕೇಳುತ್ತಿದ್ದ ಹಾಗೆ ನಮಗೆ ನೆನಪಾದದ್ದು ಪಹಣಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇದ್ದರೆ, ಪಕ್ಕದ 10ನೇ ಕಾಲಂನಲ್ಲಿ ಆ ಹಕ್ಕು ಹೇಗೆ ಬಂತು ಎಂದಿರುತ್ತದೆ, ಎಂ.ಆರ್. ನಂಬರ್ ಸಮೇತ. ಆ ನಂಬರ್ ಹಿಡಿದು ಹೋದರೆ ಕ್ರಯವೋ, ವಿಭಾಗವೋ, ಪೌತಿಯೋ ಗೊತ್ತಾಗುತ್ತದೆ. ಖಾತೆ ಬದಲಾಗುವ ಮೊದಲು ತಕರಾರು ಇದ್ದವರು ಹೇಳಿ ಎಂದು ನೋಟಿಸ್ ಕೊಡುತ್ತಾರೆ. ಕೈಬರಹದ ಪಹಣಿ ಹೋಗಿ ಭೂಮಿ ತಂತ್ರಾಂಶ ಬಂದ ಮೇಲೂ ಈ ಕ್ರಮ ಬಿಟ್ಟಿಲ್ಲ.

ಒಂದು ಗುಂಟೆ ಜಮೀನಿನ ಹೆಸರು ಬದಲಾಗಲು ಇಷ್ಟು ಕ್ರಮ ಇರುವಾಗ, ಸಾವಿರಾರು ಮನೆಗಳ ಅನ್ನ, ಹಣ ತೀರ್ಮಾನಿಸುವ ಷರತ್ತಿಗೂ ಒಂದು ಎಂ.ಆರ್. ನಂಬರ್ ಬೇಡವೇ? ಇದು ಯಾವತ್ತು ಬಂತು, ಯಾಕೆ ಬಂತು, ಮತ್ತೆ ಯಾವಾಗ ಪರಿಶೀಲನೆ ಎಂದು ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಿದರೂ ಸಾಕು. ಬದಲಾಯಿಸುವ ಮೊದಲು ಗ್ರಾಮಸಭೆಯಲ್ಲಿ ಓದಿ ಹೇಳಿದರೆ, ಕಂಪನಿಯ ಟೆಸ್ಟರ್ ಕಣ್ಣಿಗೆ ಬೀಳದ ತೊಡಕನ್ನು ನಮ್ಮ ಅಜ್ಜಿಯರೇ ಹುಡುಕಿ ಕೊಟ್ಟಾರು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಮನೆಯಲ್ಲಿ ಸಾವು, ಮದುವೆ, ವಿಭಾಗ ಏನೇ ಆದರೂ ಪಡಿತರ ಚೀಟಿ ಮತ್ತು ಪಹಣಿಯಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ನೋಡಿ. ಚೀಟಿ ತಿದ್ದುಪಡಿಗೆ ಈಗ ಅವಕಾಶ ಇದೆಯೇ ಎಂದು ಫೋನಿನಲ್ಲಿ ಕೇಳಿಕೊಂಡು ಹೊರಡಿ, ಒಂದು ದಿನದ ಕೂಲಿ ಉಳಿಯುತ್ತದೆ. ಅರ್ಜಿಯ ಸ್ವೀಕೃತಿ ಚೀಟಿಯ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕಂಪ್ಯೂಟರ್ ‘ಆಗಲ್ಲ’ ಅಂದರೆ ‘ಯಾವ ಷರತ್ತಿಗೆ ಆಗಲ್ಲ?’ ಎಂದು ಕೇಳಿ ಬರೆಸಿಕೊಳ್ಳಿ. ನಾಳೆ ಆ ಷರತ್ತನ್ನು ತಿದ್ದಬೇಕು ಎಂದು ಯಾರಾದರೂ ಹೊರಟರೆ, ನೀವು ಬರೆಸಿಕೊಂಡ ಆ ಒಂದು ಸಾಲು ಅವರ ಕೈಗೆ ಸಿಗುವ ಮೊದಲ ಪುರಾವೆಯಾಗುತ್ತದೆ.